ಡಬ್ಬದ ಮೇಲೆ ಕಿತ್ತಳೆ ಬಳೆ, ಒಳಗೆ ಎಂಟಿಂಚಿನ ಕನ್ನಡಿ

ಐದಕ್ಕೆ ನಾಲ್ಕು ಸ್ಟಾರ್. ಕಡಿಮೆ ಮಾಡಿದ ಒಂದು ಸ್ಟಾರ್ ಟೆಲಿಸ್ಕೋಪಿನ ಲೆಕ್ಕಕ್ಕಲ್ಲ, ಡಬ್ಬದ ಲೆಕ್ಕಕ್ಕೆ.

ತುಮಕೂರಿನ ನಮ್ಮ ಮನೆ ಮುಂದೆ ಎರಡು ದೊಡ್ಡ ರಟ್ಟಿನ ಡಬ್ಬ ಬಂದು ಇಳಿದವು. ಉದ್ದದ ಡಬ್ಬದ ಮೇಲೆ ಒಂದು ಚಿತ್ರ. ಕಪ್ಪು ಹಿನ್ನೆಲೆ, ನಡುವೆ ಕಿತ್ತಳೆ ಬಣ್ಣದ ಬಳೆ. ಬಳೆಯ ಕೆಳಭಾಗ ದಪ್ಪ, ಮೇಲ್ಭಾಗ ಸಣ್ಣ. ಪೇಪರ್ ಓದುವವರಿಗೆಲ್ಲ ಗೊತ್ತಿರುವ ಚಿತ್ರವೇ. 2019ರ ಏಪ್ರಿಲ್ 10ರಂದು ಬಿಡುಗಡೆಯಾದ, ಕಪ್ಪುಕುಳಿಯ ಮೊಟ್ಟಮೊದಲ ಚಿತ್ರ. ಎಂ87 ಅನ್ನುವ ಗ್ಯಾಲಕ್ಸಿಯ ನಟ್ಟನಡುವೆ ಕೂತಿರುವ, ಒಳಗೆ ಬಿದ್ದ ಬೆಳಕನ್ನೂ ಹೊರಗೆ ಬಿಡದ ಕಪ್ಪುಕುಳಿ ಅದು.

ಆರನೇ ಕ್ಲಾಸಿನ ಮೊಮ್ಮಗ ಡಬ್ಬದ ಸುತ್ತ ಕುಣಿದ.

"ತಾತ, ಬ್ಲ್ಯಾಕ್ ಹೋಲ್! ಇವತ್ತೇ ನೋಡೋಣ."

"ಇವತ್ತು ಮೋಡ ಇದೆ ಕಣೋ" ಅಂದೆ. ಸುಳ್ಳೇನಲ್ಲ, ಮೋಡ ಇತ್ತು. ಮೋಡ ಇಲ್ಲದಿದ್ದರೂ ಕಾಣಲ್ಲ ಅಂತ ಹೇಳುವುದಕ್ಕೆ ಬಾಯಿ ಬರಲಿಲ್ಲ.

ಕಂಪನಿ, ಅಂಗಡಿ ಎರಡರ ಹೆಸರೂ ಬರೆಯುವುದಿಲ್ಲ. ಇದು ಎಂಟಿಂಚಿನ ಡಾಬ್ಸೋನಿಯನ್. ಯಾರು ಮಾಡಿದರೂ ಹೆಚ್ಚುಕಮ್ಮಿ ಇದೇ ಕತೆ. 203 ಮಿಲಿಮೀಟರ್ ಅಗಲದ ಕನ್ನಡಿ, 1200 ಮಿಲಿಮೀಟರ್ ಫೋಕಲ್ ಲೆಂತ್, ಗೀಸರಿನಷ್ಟು ದಪ್ಪದ ಟ್ಯೂಬು, ಕೆಳಗೆ ಫಿರಂಗಿ ಗಾಡಿಯ ಹಾಗೆ ತಿರುಗುವ ಮರದ ಬೇಸ್. ಜೊತೆಗೆ ಎರಡು ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ಮಸೂರ: 25 ಎಂಎಂ ಹಾಕಿದರೆ 48 ಪಟ್ಟು, 10 ಎಂಎಂ ಹಾಕಿದರೆ 120 ಪಟ್ಟು. ಮೋಟಾರ್ ಇಲ್ಲ, ಕರೆಂಟ್ ಬೇಡ. ಕೈಯಲ್ಲಿ ತಳ್ಳಬೇಕು. ನನಗೆ ಬಿದ್ದ ಬಿಲ್ಲು 52 ಸಾವಿರ. ರಿಟೈರ್ ಆದ ದುಡ್ಡಲ್ಲಿ ತೆಗೆದದ್ದು, ಸಾಲ ಇಲ್ಲ. ಮನೆಯಲ್ಲಿ ಇನ್ನೂ 35 ಸಾವಿರ ಅಂತಲೇ ನಂಬಿದ್ದಾರೆ.

ನಾನು ದೂರವಾಣಿ ಇಲಾಖೆಯಲ್ಲಿ 36 ವರ್ಷ ಕೆಲಸ ಮಾಡಿದವನು. ಎಕ್ಸ್‌ಚೇಂಜು, ಆಮೇಲೆ ಮೈಕ್ರೋವೇವ್ ಸ್ಟೇಷನ್ನು. ಡಿಶ್ ಅಂದರೆ ಏನು, ಅದರ ಅಗಲಕ್ಕೂ ಅದು ಹಿಡಿಯುವ ಸಿಗ್ನಲ್ಲಿಗೂ ಏನು ಸಂಬಂಧ ಅಂತ ಗೊತ್ತು. ಅದಕ್ಕೇ ಆ ಚಿತ್ರ ನೋಡಿದಾಗ ಸಿಟ್ಟು ಬಂದದ್ದು. ಅದು ಕನ್ನಡಿ ಟೆಲಿಸ್ಕೋಪಿನ ಚಿತ್ರವೇ ಅಲ್ಲ. ನಮ್ಮ ಲೈನಿನ ಕೆಲಸ, ರೇಡಿಯೋದವರ ಕೆಲಸ!

ಲೆಕ್ಕ ಹೇಳುತ್ತೇನೆ ನೋಡಿ. ಎಂ87 ಇಲ್ಲಿಂದ ಐದೂವರೆ ಕೋಟಿ ಜ್ಯೋತಿರ್ವರ್ಷ ದೂರ. ಅಲ್ಲಿಂದ ಆ ಬಳೆ ನಮಗೆ ಎಷ್ಟು ಅಗಲ ಕಾಣಬೇಕು ಅಂದರೆ, ಚಂದ್ರನ ಮೇಲೆ ಯಾರೋ ದಪ್ಪ ಕೈಯವರು ಬಳೆ ಕಳಚಿ ಇಟ್ಟಿದ್ದರೆ ಅದು ಇಲ್ಲಿಗೆ ಎಷ್ಟು ಕಾಣುತ್ತದೋ ಅಷ್ಟು. ನನ್ನ ಎಂಟಿಂಚಿನ ಕನ್ನಡಿ ಚಂದ್ರನ ಮೇಲೆ ಬಿಡಿಸಿ ತೋರಿಸುವ ಅತಿ ಸಣ್ಣ ಅಳತೆ ಸುಮಾರು ಒಂದು ಕಿಲೋಮೀಟರ್. ಅದೂ ಗಾಳಿ ಅಲುಗಾಡದ ರಾತ್ರಿ. ಬಳೆ ಎಲ್ಲಿ, ಕಿಲೋಮೀಟರ್ ಎಲ್ಲಿ. ಕಣ್ಣಿಗೆ ಕಾಣುವ ಬೆಳಕಲ್ಲೇ ಆ ಬಳೆ ಬಿಡಿಸಬೇಕು ಅಂದರೆ ಹೆಚ್ಚುಕಮ್ಮಿ ಮೂರು ಕಿಲೋಮೀಟರ್ ಅಗಲದ ಕನ್ನಡಿ ಬೇಕು. ಟೆರೇಸ್ ಮೇಲೆ ಕೂರಲ್ಲ.

ಅವರು ಮಾಡಿದ್ದು ಬೇರೆ. 2017ರ ಏಪ್ರಿಲ್‌ನಲ್ಲಿ ಚಿಲಿ, ಹವಾಯಿ, ಅರಿಜೋನಾ, ಮೆಕ್ಸಿಕೋ, ಸ್ಪೇನ್, ದಕ್ಷಿಣ ಧ್ರುವ ಹೀಗೆ ಆರು ಕಡೆಯ ಎಂಟು ರೇಡಿಯೋ ಟೆಲಿಸ್ಕೋಪುಗಳನ್ನು ಒಟ್ಟಿಗೆ ದುಡಿಸಿದರು. ಇಡೀ ಗುಂಪಿಗೆ ಇವೆಂಟ್ ಹೊರೈಜನ್ ಟೆಲಿಸ್ಕೋಪ್ ಅಂತ ಹೆಸರು. ಅಲೆಯ ಉದ್ದ 1.3 ಮಿಲಿಮೀಟರ್. ಡಿಶ್‌ಗಳ ನಡುವೆ ಭೂಮಿಯಷ್ಟೇ ಅಂತರ ಇದ್ದರೆ, ಭೂಮಿಯಷ್ಟು ಅಗಲದ ಒಂದೇ ಡಿಶ್ ಕೊಡುವ ಸೂಕ್ಷ್ಮತೆ ಸಿಗುತ್ತದೆ. ಆದರೆ ಒಂದು ಷರತ್ತು. ಎಲ್ಲ ಕಡೆಯ ಗಡಿಯಾರಗಳೂ ಒಂದೇ ತಾಳಕ್ಕೆ ಇರಬೇಕು.

ನಮ್ಮ ಎಕ್ಸ್‌ಚೇಂಜಿನಲ್ಲಿ ಕ್ಲಾಕ್ ಒಂದು ಚೂರು ಸ್ಲಿಪ್ ಆದರೆ ಲೈನಿನಲ್ಲಿ ಟಿಕ್ ಟಿಕ್ ಅನ್ನೋದು, ಫ್ಯಾಕ್ಸ್ ಅರ್ಧಕ್ಕೇ ನಿಲ್ಲೋದು, ಬೈಗುಳ ನಮಗೆ ಬೀಳೋದು. ಹಾಗಿರುವಾಗ ಚಿಲಿಗೂ ಹವಾಯಿಗೂ ಕ್ಲಾಕ್ ಹೊಂದಿಸಬೇಕು ಅಂದರೆ? ಒಂದೊಂದು ಕಡೆಯೂ ಹೈಡ್ರೋಜನ್ ಮೇಸರ್ ಅನ್ನುವ ಪರಮಾಣು ಗಡಿಯಾರ ಇಟ್ಟಿದ್ದರು. ಬಂದ ಸಿಗ್ನಲ್ಲನ್ನು ಗಡಿಯಾರದ ಮುದ್ರೆ ಹಾಕಿ ಹಾರ್ಡ್ ಡಿಸ್ಕಿಗೆ ತುಂಬಿದರು. ಇಂಟರ್‌ನೆಟ್ಟಿನಲ್ಲಿ ಕಳಿಸುವುದಕ್ಕೆ ಆಗದಷ್ಟು ಡೇಟಾ ಅದು. ಡಿಸ್ಕುಗಳನ್ನೇ ವಿಮಾನದಲ್ಲಿ ಸಾಗಿಸಿದರು. ದಕ್ಷಿಣ ಧ್ರುವದ ಡಿಸ್ಕುಗಳಂತೂ ಅಲ್ಲಿಯ ಚಳಿಗಾಲ ಮುಗಿದು ವಿಮಾನ ಹಾರುವವರೆಗೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಹೆದ್ದಾರಿಯಲ್ಲಿ ಟ್ರಾಫಿಕ್ ಜಾಮ್ ಆದಾಗ ಪೋಸ್ಟ್‌ಮ್ಯಾನ್ ನಡೆದೇ ಬಂದ ಹಾಗೆ. ನನಗೆ ಈ ವಿಷಯ ಕಪ್ಪುಕುಳಿಗಿಂತ ಜಾಸ್ತಿ ಇಷ್ಟ. ಇರಲಿ.

ಇನ್ನೊಂದು. ಆ ಕಿತ್ತಳೆ ಬಣ್ಣ ನಾವು ಹಚ್ಚಿದ್ದು. ರೇಡಿಯೋ ಅಲೆಗೆ ಎಲ್ಲಿಯ ಬಣ್ಣ? ಸಿಗ್ನಲ್ ಜೋರಾಗಿರುವ ಕಡೆ ಹೊಳಪು, ಕಮ್ಮಿ ಇರುವ ಕಡೆ ಕಪ್ಪು. ಒಂದು ಕಡೆ ದಪ್ಪ ಯಾಕೆ ಅಂದರೆ, ಸುತ್ತುವ ಅನಿಲ ಅಲ್ಲಿ ನಮ್ಮ ಕಡೆಗೆ ನುಗ್ಗಿ ಬರುತ್ತಿದೆ, ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ. ನಮ್ಮ ಕಡೆ ಬರುವುದರ ಹೊಳಪು ಹೆಚ್ಚು ಕಾಣುತ್ತದೆ.

ಈಗ ಮಾಲಿನ ವಿಷಯ.

ಕನ್ನಡಿ ಚೆನ್ನಾಗಿದೆ. ಈ ದುಡ್ಡಿಗೆ ತುಂಬಾ ಚೆನ್ನಾಗಿದೆ. ಆದರೆ ಬಂದಾಗ ಕನ್ನಡಿ ನೆಟ್ಟಗೆ ಕೂತಿರಲಿಲ್ಲ. ದಾರಿಯಲ್ಲಿ ಕುಲುಕಿ ವಾರೆಯಾಗಿತ್ತು. ಮೊದಲ ರಾತ್ರಿ ಟೆರೇಸ್ ಮೇಲಿಂದ ಒಂದು ದೊಡ್ಡ ನಕ್ಷತ್ರಕ್ಕೆ ಹಿಡಿದೆ. ಫೋಕಸ್ ಇನ್ನೂ ಸರಿ ಮಾಡಿರಲಿಲ್ಲ. ಮೊಮ್ಮಗ ಮಧ್ಯೆ ತಲೆ ತೂರಿಸಿ ಐಪೀಸಿಗೆ ಕಣ್ಣಿಟ್ಟ.

"ತಾತಾ! ಬ್ಲ್ಯಾಕ್ ಹೋಲ್! ಡಬ್ಬದ ಮೇಲೆ ಇರೋದೇ!"

ನೋಡಿದೆ. ಅಯ್ಯೋ, ಹೌದು. ಹೊಳೆಯುವ ಬಳೆ, ನಡುವೆ ಕಪ್ಪು ತೂತು, ಬಳೆ ಒಂದು ಕಡೆ ದಪ್ಪ. ಪಕ್ಕದ ಮನೆಯ ಹುಡುಗರೂ ಮೆಟ್ಟಿಲು ಹತ್ತಿ ಬಂದರು. ನಾನು ಎರಡು ನಿಮಿಷ ಸುಮ್ನೆ ಇದ್ದೆ. ಆಮೇಲೆ ನಾಬ್ ತಿರುಗಿಸಿದೆ. ಬಳೆ ಚಿಕ್ಕದಾಗುತ್ತಾ ಬಂತು, ತೂತು ಮುಚ್ಚಿಕೊಂಡಿತು, ಕೊನೆಗೆ ಬಾಲ ಇರುವ ಒಂದು ಚುಕ್ಕಿ ಉಳಿಯಿತು. ಅಷ್ಟೇ. ಈ ಜಾತಿಯ ಟೆಲಿಸ್ಕೋಪಿನಲ್ಲಿ ಟ್ಯೂಬಿನ ಬಾಯಿಯ ಹತ್ತಿರ ಒಂದು ಚಿಕ್ಕ ಓರೆಗನ್ನಡಿ ಇರುತ್ತದೆ. ಫೋಕಸ್ ತಪ್ಪಿದಾಗ ಆ ಕನ್ನಡಿಯ ನೆರಳೇ ನಡುವಿನ ಕಪ್ಪು. ಬಳೆ ಒಂದು ಕಡೆ ದಪ್ಪ ಇದ್ದದ್ದು ದೊಡ್ಡ ಕನ್ನಡಿ ವಾರೆಯಾಗಿದ್ದಕ್ಕೆ. ಹುಡುಗರು ಇಳಿದು ಹೋದರು. ಮೊಮ್ಮಗ ಮಾತ್ರ "ಮತ್ತೆ ಕೆಡಿಸು ತಾತ, ಅದೇ ಚೆನ್ನಾಗಿತ್ತು" ಅಂದ.

ಸರಿ ಮಾಡುವುದಕ್ಕೆ ಮೂರು ಸಂಜೆ ಹಿಡಿಯಿತು. ಕೆಳಗೆ ಮೂರು ಸ್ಪ್ರಿಂಗ್ ತಿರುಪು, ಮೂರು ಲಾಕ್ ತಿರುಪು. ಒಂದನ್ನು ಮುಟ್ಟಿದರೆ ಇನ್ನೆರಡು ಕೆಡುತ್ತವೆ. ಹಳೆ ಕಾಲದ ಟೈಪ್‌ರೈಟರ್ ರಿಪೇರಿಯ ತಾಳ್ಮೆ ಬೇಕು. ಅಂಗಡಿಗೆ ಫೋನ್ ಮಾಡಿದರೆ ಹುಡುಗಿ ಒಬ್ಬಳು "ಸರ್, ರೀಸ್ಟಾರ್ಟ್ ಮಾಡಿ ನೋಡಿ" ಅಂದಳು. ಕನ್ನಡಿಯನ್ನು! ಪಾಪ, ಅವಳ ಮುಂದೆ ಯಾರೋ ಬರೆದುಕೊಟ್ಟ ಕಾಗದ ಇದ್ದಿರಬೇಕು. ಬೈಯಲಿಲ್ಲ. ನಾನೂ 36 ವರ್ಷ ಅದೇ ಕುರ್ಚಿಯಲ್ಲಿ ಕೂತವನು. ಖಾಲಿ ಫಿಲ್ಮ್ ಡಬ್ಬಿಯ ಮುಚ್ಚಳಕ್ಕೆ ನಡುವೆ ತೂತು ಕೊರೆದು ಐಪೀಸಿನ ಜಾಗದಲ್ಲಿ ಸಿಕ್ಕಿಸಿ, ಅದರಲ್ಲಿ ಇಣುಕುತ್ತಾ ಹೊಂದಿಸಿದೆ. ಖರ್ಚು ಸೊನ್ನೆ. ಈಗ ಪ್ರತಿ ಸಲ ಹೊರಗೆ ತೆಗೆದುಕೊಂಡು ಹೋದಾಗ ಐದು ನಿಮಿಷದ ಕೆಲಸ.

ಫೈಂಡರ್, ಅಂದರೆ ಗುರಿ ಹಿಡಿಯಲು ಟ್ಯೂಬಿನ ಮೇಲೆ ಇರುವ ಪುಟ್ಟ ದುರ್ಬೀನು, ಅದರ ಬಗ್ಗೆ ದೂರು ಇದೆ. ಅದು ನೇರ ನೋಡುವ ಫೈಂಡರ್. ತಲೆ ಮೇಲಿನದನ್ನು ನೋಡಬೇಕು ಅಂದರೆ ನೆಲದ ಮೇಲೆ ಮಂಡಿಯೂರಿ ಕತ್ತನ್ನು ಹಿಂದಕ್ಕೆ ಬಾಗಿಸಬೇಕು. ಅರವತ್ತು ದಾಟಿದವರಿಗೆ ಇದು ಶಿಕ್ಷೆ. ಬೇಸಿನ ದೂರು ಇನ್ನೂ ದೊಡ್ಡದು, ಕೊನೆಯಲ್ಲಿ ಹೇಳುತ್ತೇನೆ.

ತುಮಕೂರಿನ ಆಕಾಶದಲ್ಲಿ ಗ್ಯಾಲಕ್ಸಿ ನೋಡುತ್ತೇನೆ ಅನ್ನುವುದು ಮದುವೆ ಮಂಟಪದಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ. ಬೀದಿ ದೀಪ ಎಲ್ಲ ತಿಂದುಹಾಕುತ್ತದೆ. ಡಿಸೆಂಬರಿನಲ್ಲಿ ಆಂಡ್ರೊಮಿಡಾ ಗ್ಯಾಲಕ್ಸಿ ನೋಡಿದೆ, ಉದ್ದುದ್ದ ಮಬ್ಬು. ಅದರ ನಡುವಿನ ಕಪ್ಪುಕುಳಿಯ ತೂಕ 10 ಕೋಟಿ ಸೂರ್ಯರಿಗೂ ಜಾಸ್ತಿ, ದೂರ 25 ಲಕ್ಷ ಜ್ಯೋತಿರ್ವರ್ಷ. ಎಂ77 ಕೂಡ ಹುಡುಕಿದೆ. 1943ರಲ್ಲಿ ಕಾರ್ಲ್ ಸೀಫರ್ಟ್ ಅನ್ನುವವರು ಕೆಲವು ಗ್ಯಾಲಕ್ಸಿಗಳ ನಡುಭಾಗ ಮಾತ್ರ ವಿಪರೀತ ಹೊಳೆಯುತ್ತದೆ ಅಂತ ಗುರುತಿಸಿದ್ದರಲ್ಲ, ಆ ಪಟ್ಟಿಯದು. ಟೆರೇಸಿನಿಂದ ಒಂದು ಬೂದಿ ಚುಕ್ಕೆ. ಮೊಮ್ಮಗ ಆಕಳಿಸಿದ.

ಆದ್ದರಿಂದ ಯುಗಾದಿಗೆ ಊರಿಗೆ ಹೋಗುವಾಗ ಟೆಲಿಸ್ಕೋಪನ್ನೂ ಕಾರಿಗೆ ಹಾಕಿಕೊಂಡೆ. ಟ್ಯೂಬು ಹಿಂದಿನ ಸೀಟಿನಲ್ಲಿ ಅಡ್ಡಡ್ಡ, ಬೇಸ್ ಡಿಕ್ಕಿಯಲ್ಲಿ, ಹಬ್ಬದ ಸಾಮಾನು ಎಲ್ಲ ನಮ್ಮಾಕೆಯ ತೊಡೆ ಮೇಲೆ. ನಮ್ಮೂರು ಪಾವಗಡ ತಾಲ್ಲೂಕು. ಹಗಲು ಹೊತ್ತು ಬೆಂಕಿ, ರಾತ್ರಿ ಹೊತ್ತು ಕಪ್ಪು ಕಂಬಳಿ.

ಯುಗಾದಿಯ ಹಿಂದಿನ ರಾತ್ರಿ ಅಮಾವಾಸ್ಯೆ. ಟೆಲಿಸ್ಕೋಪ್ ಇರುವವನಿಗೆ ಇದಕ್ಕಿಂತ ಒಳ್ಳೆ ಮುಹೂರ್ತ ಇಲ್ಲ. ಮನೆಯವರ ಪಂಚಾಂಗ ಬೇರೆ. "ಅಮಾಸೆ ರಾತ್ರಿ ಬಂಡೆ ಮೇಲೆ ಹೋಗ್ತಾರಂತೆ, ಬೆಳಿಗ್ಗೆ ಎಣ್ಣೆ ಸ್ನಾನ ಇದೆ ಅನ್ನೋ ಜ್ಞಾನ ಬೇಡ್ವಾ" ಅಂತ ಅಡುಗೆಮನೆಯಿಂದ ಕೇಳಿಸಿತು. ತಮ್ಮನ ಮಗ ಜೊತೆಗೆ ಬಂದ. ಅವನು ಬೇಸ್ ಹೊತ್ತ, ನಾನು ಟ್ಯೂಬು. ಊರ ಹಿಂದಿನ ಬಂಡೆ ಇನ್ನೂ ಹಗಲಿನ ಬಿಸಿ ಬಿಡುತ್ತಿತ್ತು.

ಹತ್ತು ಗಂಟೆಗೆ ಎಂ87. ಬೇಗ ನೋಡುವುದಕ್ಕೆ ಕಾರಣ ಇದೆ. ನಮ್ಮೂರಿನಲ್ಲಿ ಅದು ನಡುರಾತ್ರಿ ಹೊತ್ತಿಗೆ ಹೆಚ್ಚುಕಮ್ಮಿ ನೆತ್ತಿಯ ಮೇಲೇ ಬರುತ್ತದೆ. ಡಾಬ್ಸೋನಿಯನ್‌ಗೆ ನೆತ್ತಿ ಅಂದರೆ ಆಗಲ್ಲ. ಟ್ಯೂಬು ನೆಟ್ಟಗೆ ನಿಂತಾಗ ಎಡಕ್ಕೆ ತಳ್ಳಿದರೆ ಬಲಕ್ಕೆ ಹೋಗುತ್ತದೋ, ಇದ್ದಲ್ಲೇ ಬುಗುರಿಯ ಹಾಗೆ ತಿರುಗುತ್ತದೋ ಗೊತ್ತಾಗುವುದಿಲ್ಲ. ಕೊಳ್ಳುವವರಿಗೆ ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಪೂರ್ವದಲ್ಲಿ ಏರುತ್ತಿರುವಾಗಲೇ ಹಿಡಿಯಬೇಕು.

ಸಿಂಹದ ಬಾಲದಿಂದ ಕನ್ಯಾ ರಾಶಿಯ ಕಡೆಗೆ ಸರಿಸುತ್ತಾ ಹೋದೆ. ಅಲ್ಲಿ ಗ್ಯಾಲಕ್ಸಿಗಳ ಸಂತೆಯೇ ಇದೆ, ಯಾವುದು ಯಾವುದು ಅಂತ ನಕ್ಷೆ ಹಿಡಿದು ಲೆಕ್ಕ ಹಾಕಬೇಕು. ಸಿಕ್ಕಿತು. ದುಂಡಗಿನ ಮಬ್ಬು, ನಡುವೆ ಸ್ವಲ್ಪ ಹೊಳಪು. ರಂಗೋಲಿ ಪುಡಿಯ ಚುಕ್ಕಿಯನ್ನು ಬೆರಳಲ್ಲಿ ಒರೆಸಿದರೆ ಉಳಿಯುತ್ತದಲ್ಲ, ಹಾಗೆ.

"ಇಷ್ಟೇನಾ ದೊಡ್ಡಪ್ಪ?" ತಮ್ಮನ ಮಗ ಕೇಳಿದ.

"ಇಷ್ಟೇ. ಆದರೆ ಅದರ ನಡುವೆ ಇರೋದು 650 ಕೋಟಿ ಸೂರ್ಯರ ತೂಕದ್ದು. ಡಬ್ಬದ ಮೇಲಿನ ಚಿತ್ರ ಇದರದ್ದೇ."

ಅವನು ಮತ್ತೆ ಕಣ್ಣಿಟ್ಟ. ಈ ಸಲ ಜಾಸ್ತಿ ಹೊತ್ತು ನೋಡಿದ. ಈ ಗ್ಯಾಲಕ್ಸಿಯ ನಡುವಿನಿಂದ ಒಂದು ನೇರ ಕಡ್ಡಿಯಂಥ ಬೆಳಕು ಹೊರಟಿದೆ ಅಂತ 1918ರಲ್ಲೇ ಹೀಬರ್ ಕರ್ಟಿಸ್ ಬರೆದಿಟ್ಟಿದ್ದರು. ಕಪ್ಪುಕುಳಿ ಅನ್ನುವ ಮಾತೇ ಇಲ್ಲದ ಕಾಲ. ಅದು ಕಪ್ಪುಕುಳಿಯ ಹತ್ತಿರದಿಂದ ಚಿಮ್ಮುವ ಜೆಟ್. ನನ್ನ ಎಂಟಿಂಚಿಗೆ ಅದು ಕಾಣಲಿಲ್ಲ. ಕಾಣುತ್ತದೆ ಅಂತ ಯಾರಾದರೂ ಈ ಸೈಜಿನದನ್ನು ಮಾರಲು ಬಂದರೆ ನಂಬಬೇಡಿ.

ಹನ್ನೊಂದು ಗಂಟೆಗೆ 3ಸಿ 273. ಈ ಹೆಸರು ನೋಡಿ, ಗಾಡಿ ನಂಬರ್ ಇದ್ದ ಹಾಗೆ. ನಾನು ನಾಲ್ಕು ಸ್ಟಾರ್ ಕೊಟ್ಟಿದ್ದರೆ ಅದರಲ್ಲಿ ಎರಡು ಈ ನಂಬರಿನದು.

ಚಿತ್ತಾ ನಕ್ಷತ್ರದಿಂದ ಪಡುವಲಕ್ಕೆ ಬಂದರೆ ಪೊರಿಮಾ ಅಂತ ಒಂದು ನಕ್ಷತ್ರ, ಅದರಾಚೆ ಇನ್ನೊಂದು ಸಣ್ಣದು. ಅವೆರಡರಿಂದ ಉತ್ತರಕ್ಕೆ ಸರಿದರೆ ಬರಿಗಣ್ಣಿಗೆ ಏನೂ ಇಲ್ಲದ ಜಾಗ. ಅಲ್ಲಿ 10 ಎಂಎಂ ಐಪೀಸ್ ಹಾಕಿ ನಕ್ಷೆಯ ಚುಕ್ಕಿಗಳನ್ನೂ ಐಪೀಸಿನ ಚುಕ್ಕಿಗಳನ್ನೂ ಒಂದೊಂದಾಗಿ ತಾಳೆ ನೋಡಿದೆ. ನಕ್ಷೆ ತಲೆಕೆಳಗೆ ಹಿಡಿಯಬೇಕು, ಯಾಕೆಂದರೆ ಟೆಲಿಸ್ಕೋಪು ತಲೆಕೆಳಗೆ ತೋರಿಸುತ್ತದೆ. ಕೆಂಪು ಗಾಜಿನ ಕಾಗದ ಸುತ್ತಿದ ಟಾರ್ಚು ಬಾಯಲ್ಲಿ. ಮುಕ್ಕಾಲು ಗಂಟೆ. ತಮ್ಮನ ಮಗ ಬಂಡೆ ಮೇಲೆ ಮಲಗಿ ಗೊರಕೆ ಶುರುಮಾಡಿದ್ದ. ಕೊನೆಗೆ ನಕ್ಷೆಯಲ್ಲಿ ಇರುವ ಜಾಗದಲ್ಲೇ ಒಂದು ಸಣ್ಣ ಚುಕ್ಕಿ. ನೇರ ನೋಡಿದರೆ ಮಾಯ, ಕಣ್ಣು ಒಂದು ಚೂರು ಪಕ್ಕಕ್ಕೆ ಸರಿಸಿದರೆ ಹಾಜರು.

ಇದು ನಕ್ಷತ್ರ ಅಲ್ಲ. 1962ರಲ್ಲಿ ಚಂದ್ರ ಈ ರೇಡಿಯೋ ಮೂಲದ ಅಡ್ಡ ಹಾದುಹೋದಾಗ, ಆಸ್ಟ್ರೇಲಿಯಾದ ಪಾರ್ಕ್ಸ್ ಡಿಶ್‌ನಲ್ಲಿ ಸಿಗ್ನಲ್ ಯಾವ ಕ್ಷಣ ನಿಂತಿತು, ಯಾವ ಕ್ಷಣ ಮತ್ತೆ ಬಂತು ಅಂತ ಹಿಡಿದು ಇದರ ಜಾಗ ಗುರುತಿಸಿದರು. ಮರುವರ್ಷ ಮಾರ್ಟೆನ್ ಸ್ಮಿಟ್ ಅಮೆರಿಕದ ಪಾಲೊಮಾರ್ ವೀಕ್ಷಣಾಲಯದಲ್ಲಿ ಇದರ ಬೆಳಕನ್ನು ಬಿಡಿಸಿ ನೋಡಿದಾಗ ಗೆರೆಗಳೆಲ್ಲ ಕೆಂಪಿನ ಕಡೆಗೆ ಜರುಗಿದ್ದವು, ಸುಮಾರು 16 ಪರ್ಸೆಂಟ್. ಗೆರೆ ಜಾಸ್ತಿ ಜರುಗಿದಷ್ಟೂ ವಸ್ತು ದೂರ. ಅಂದರೆ ಇದು ಊಹಿಸಲಾಗದ ದೂರ. ಅಷ್ಟು ದೂರದಿಂದ ಇಷ್ಟು ಕಾಣಬೇಕಾದರೆ ಲಕ್ಷ ಕೋಟಿ ಸೂರ್ಯರಿಗಿಂತ ಜಾಸ್ತಿ ಹೊಳೆಯಬೇಕು. ಅದೂ ಒಂದು ಸಣ್ಣ ಜಾಗದಿಂದ. ನಕ್ಷತ್ರ ಉರಿಯುವ ರೀತಿಯಲ್ಲಿ ಇದು ಆಗದ ಕೆಲಸ. ಹೈಡ್ರೋಜನ್ ಹೀಲಿಯಮ್ ಆದಾಗ ದ್ರವ್ಯದ ನೂರಕ್ಕೆ ಒಂದು ಪಾಲೂ ಶಕ್ತಿಯಾಗುವುದಿಲ್ಲ. ಅದೇ ಅನಿಲ ಕಪ್ಪುಕುಳಿಯೊಳಗೆ ಬೀಳುವ ಮುಂಚೆ ಸುತ್ತಿ ಸುತ್ತಿ, ಒಂದಕ್ಕೊಂದು ತಿಕ್ಕಿ ಕಾದರೆ ನೂರಕ್ಕೆ ಹತ್ತರಷ್ಟು ಬೆಳಕಾಗಿ ಹೊರಗೆ ಬರಬಹುದು. ಕಪ್ಪುಕುಳಿ ಕಪ್ಪು, ಆದರೆ ಅದರ ಬಾಗಿಲಲ್ಲಿ ನೂಕುನುಗ್ಗಲಾಗುವ ಸಾಮಾನು ಪ್ರಪಂಚದಲ್ಲೇ ಹೆಚ್ಚು ಹೊಳೆಯುವ ವಸ್ತು.

ಅರ್ಥ ಆಯಿತಲ್ಲ? ಡಬ್ಬದ ಮಾತು ಒಂದು ಲೆಕ್ಕದಲ್ಲಿ ನಿಜವಾಯಿತು. ಬಳೆ ಕಾಣಲಿಲ್ಲ. ಆದರೆ ಒಂದು ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿ ಉಣ್ಣುವಾಗ ಚೆಲ್ಲಿದ ಬೆಳಕು ನನ್ನ ಕಣ್ಣಿಗೇ ಬಿತ್ತು. ಕ್ಯಾಮೆರಾ ಇಲ್ಲ, ಕಂಪ್ಯೂಟರ್ ಇಲ್ಲ. ಆ ಬೆಳಕು ಅಲ್ಲಿಂದ ಹೊರಟು ಸುಮಾರು 200 ಕೋಟಿ ವರ್ಷ ಆಗಿದೆ.

ಹುಡುಗನನ್ನು ಎಬ್ಬಿಸಿ ತೋರಿಸಿದೆ. ಒಂದೇ ಚುಕ್ಕಿ, ಅವನಿಗೆ ಕಾಣುವುದಕ್ಕೆ ಹತ್ತು ನಿಮಿಷ. ಕಂಡ ಮೇಲೆ "200 ಕೋಟಿ ವರ್ಷದ ಹಿಂದೆ ಇಲ್ಲಿ ಏನಿತ್ತು?" ಅಂದ. ಕೈಯಿಂದ ಕೆಳಗಿನ ಬಂಡೆ ತಟ್ಟಿದೆ. ಇದಿತ್ತು. ರಾಮನಗರದಿಂದ ನಮ್ಮ ಕಡೆ ಹಾದು ಬಳ್ಳಾರಿ ದಿಕ್ಕಿಗೆ ಹೋಗುವ ಈ ಕಲ್ಲಿನ ಪಟ್ಟಿಗೆ ಕ್ಲೋಸ್‌ಪೇಟ್ ಗ್ರಾನೈಟ್ ಅಂತ ಹೆಸರು. ಕ್ಲೋಸ್‌ಪೇಟೆ ಅಂದರೆ ರಾಮನಗರದ ಹಳೆ ಹೆಸರೇ. ವಯಸ್ಸು ಸುಮಾರು 250 ಕೋಟಿ ವರ್ಷ. ನಾವು ಕೂತಿದ್ದ ಕಲ್ಲು ಆ ಬೆಳಕಿಗಿಂತ ಹಿರಿಯದು. ಅವನು ಬಂಡೆಗೆ ಮತ್ತೆ ಬೆನ್ನು ಕೊಟ್ಟು ಮಲಗಿದ.

ಮಲಗಿಕೊಂಡೇ ಇನ್ನೊಂದು ಪ್ರಶ್ನೆ. "ನಮ್ಮ ಗ್ಯಾಲಕ್ಸಿಯಲ್ಲೂ ಇದೆಯಂತಲ್ಲ. ಅದು ನಮ್ಮನ್ನ ಎಳ್ಕೊಳ್ಳಲ್ವಾ?"

ಎಳೆದುಕೊಳ್ಳಲ್ಲ. ಅದರ ತೂಕ ಸುಮಾರು 43 ಲಕ್ಷ ಸೂರ್ಯರಷ್ಟು. ದೊಡ್ಡದು ಅನ್ನಿಸುತ್ತದೆ. ಆದರೆ ನಮ್ಮ ಗ್ಯಾಲಕ್ಸಿಯ ಲೆಕ್ಕದಲ್ಲಿ ಚಿಲ್ಲರೆ. ಅದರ ಗಡಿ, ಅಂದರೆ ದಾಟಿದರೆ ಬೆಳಕೂ ವಾಪಸ್ ಬರದ ಗೆರೆ, ತಂದು ಸೂರ್ಯನ ಜಾಗದಲ್ಲಿ ಇಟ್ಟರೆ ಬುಧನ ದಾರಿಯ ಒಳಗೇ ಮುಗಿದುಹೋಗುತ್ತದೆ. ನಾವು 26-27 ಸಾವಿರ ಜ್ಯೋತಿರ್ವರ್ಷ ದೂರದಲ್ಲಿ ನಮ್ಮ ಪಾಡಿಗೆ ಸುತ್ತುತ್ತಿದ್ದೇವೆ. ತೀರಾ ಹತ್ತಿರ ಹೋಗದೆ ಯಾರಿಗೂ ಅದರ ಕಾಟ ಇಲ್ಲ. ಹತ್ತಿರ ಹೋಗುವ ಒಂದು ನಕ್ಷತ್ರ ಇದೆ, ಹೆಸರು ಎಸ್2. 16 ವರ್ಷಕ್ಕೆ ಒಂದು ಸುತ್ತು. 2018ರ ಮೇನಲ್ಲಿ ಅತಿ ಹತ್ತಿರ ಬಂದಾಗ ಸೆಕೆಂಡಿಗೆ ಏಳೂವರೆ ಸಾವಿರ ಕಿಲೋಮೀಟರಿಗೂ ಜಾಸ್ತಿ ವೇಗ. ಅದೂ ಒಳಗೆ ಬೀಳಲಿಲ್ಲ, ಸುತ್ತು ಹಾಕಿ ಹೊರಟುಹೋಯಿತು. ಇಂಥ ನಕ್ಷತ್ರಗಳ ಓಡಾಟವನ್ನು ವರ್ಷಗಟ್ಟಲೆ ಬರೆದಿಟ್ಟ ಆಂಡ್ರಿಯಾ ಗೆಝ್, ರೈನ್‌ಹಾರ್ಡ್ ಗೆಂಝೆಲ್ ಇಬ್ಬರಿಗೂ 2020ರಲ್ಲಿ ನೊಬೆಲ್ ಬಂತು, ರೋಜರ್ ಪೆನ್ರೋಸ್ ಜೊತೆಗೆ.

ಎರಡು ಗಂಟೆ ನಿದ್ದೆ ಹೊಡೆದೆವು. ನಾಲ್ಕೂವರೆಗೆ ಎದ್ದಾಗ ದಕ್ಷಿಣದಲ್ಲಿ ಹಾಲುಹಾದಿ ಎದ್ದಿತ್ತು. ಚೇಳಿನ ಕೊಂಡಿ, ಅದರ ಎಡಕ್ಕೆ ಧನು ರಾಶಿ, ಹೋಟೆಲಿನ ಟೀ ಕೆಟಲ್ ಆಕಾರದಲ್ಲಿ. ಕೆಟಲಿನ ಮೂತಿಯಿಂದ ಹಬೆ ಹೊರಟ ಹಾಗೆ ಹಾಲುಹಾದಿ. ಆ ಮೂತಿಯ ಹತ್ತಿರವೇ ನಮ್ಮ ಗ್ಯಾಲಕ್ಸಿಯ ನಡು. ಟೆಲಿಸ್ಕೋಪ್ ಅಲ್ಲಿಗೆ ತಿರುಗಿಸಿದೆ. ಹಿಡಿ ಹಿಡಿ ನಕ್ಷತ್ರ, ಆದರೆ ಸರಿಯಾಗಿ ಬೇಕಾದ ಕಡೆ ಏನೂ ಇಲ್ಲ. ನಡುವೆ ಧೂಳು. ಅಲ್ಲಿಂದ ಹೊರಟ ಕಣ್ಣಿಗೆ ಕಾಣುವ ಬೆಳಕು ಲಕ್ಷ ಕೋಟಿಗೆ ಒಂದು ಪಾಲು ಮಾತ್ರ ಇಲ್ಲಿಗೆ ತಲುಪುತ್ತದೆ. 200 ಕೋಟಿ ವರ್ಷ ದಾರಿಯದ್ದು ಕಂಡಿತು, ಮನೆಯೊಳಗಿನದು ಕಾಣಲಿಲ್ಲ. ಇದಕ್ಕೆ ಕಂಪನಿಯವರನ್ನು ಬೈಯುವ ಹಾಗಿಲ್ಲ.

ಧೂಳು ದಾಟಿ ಬರುವುದು ಇನ್‌ಫ್ರಾರೆಡ್ ಮತ್ತು ರೇಡಿಯೋ. ಇದನ್ನು ಮೊದಲು ಕೇಳಿಸಿಕೊಂಡವನು ನಮ್ಮ ಇಲಾಖೆಯವನೇ ಅಂತ ನನಗೆ ಹೆಮ್ಮೆ. ಅಮೆರಿಕದ ಬೆಲ್ ಟೆಲಿಫೋನ್ ಲ್ಯಾಬಿನ ಕಾರ್ಲ್ ಜಾನ್ಸ್ಕಿ. ಅಟ್ಲಾಂಟಿಕ್ ದಾಟುವ ರೇಡಿಯೋ ಫೋನಿನಲ್ಲಿ ಕರಕರ ಯಾಕೆ ಬರುತ್ತದೆ ಅಂತ ಪತ್ತೆ ಮಾಡುವುದು ಅವನ ಡ್ಯೂಟಿ. ಫೋರ್ಡ್ ಕಾರಿನ ಚಕ್ರದ ಮೇಲೆ ಆಂಟೆನಾ ಕೂರಿಸಿ ಗಿರಗಿರ ತಿರುಗಿಸಿದ. ಹತ್ತಿರದ ಗುಡುಗಿನ ಸದ್ದು ಬಂತು, ದೂರದ ಗುಡುಗಿನದು ಬಂತು, ಮೂರನೆಯದಾಗಿ ಎಡೆಬಿಡದ ಒಂದು ಹಿಸ್ ಸದ್ದು. ಅದು ದಿನಾ ನಾಲ್ಕು ನಿಮಿಷ ಬೇಗ ಬರುತ್ತಿತ್ತು, ನಕ್ಷತ್ರಗಳ ಹಾಗೆ. 1933ರಲ್ಲಿ ಪ್ರಕಟಿಸಿದ: ಸದ್ದು ಧನು ರಾಶಿಯ ದಿಕ್ಕಿನಿಂದ. ಲೈನ್ ಫಾಲ್ಟ್ ಹುಡುಕಲು ಹೋಗಿ ಗ್ಯಾಲಕ್ಸಿಯ ನಡು ಹುಡುಕಿದ. ನನ್ನ 36 ವರ್ಷದಲ್ಲಿ ಫಾಲ್ಟ್ ಹುಡುಕಲು ಹೋದಾಗ ಸಿಕ್ಕಿದ್ದು ಇಲಿ ಕಡಿದ ಕೇಬಲ್, ಒಂದು ಸಲ ನಾಗರಹಾವು.

ನಮ್ಮ ಪಾವಗಡಕ್ಕೆ ದೂರವಲ್ಲದ ಗೌರಿಬಿದನೂರಿನಲ್ಲೂ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ಕೇಳುವ ಆಂಟೆನಾ ಸಾಲು ಹಾಕಿದ್ದರು, ಬಯಲಿನಲ್ಲಿ ಟಿ ಅಕ್ಷರದ ಹಾಗೆ ಹರಡಿ. ಜಾನ್ಸ್ಕಿ ಕೇಳಿದ್ದು 20.5ರಲ್ಲಿ. ಆಮೇಲೆ 1974ರಲ್ಲಿ ಬ್ರೂಸ್ ಬಾಲಿಕ್, ರಾಬರ್ಟ್ ಬ್ರೌನ್ ಇಬ್ಬರೂ ಆ ಗದ್ದಲದ ನಡುವೆ ಒಂದು ಚೂಪಾದ ಚುಕ್ಕೆ ಇದೆ ಅಂತ ಕಂಡುಕೊಂಡರು. ಅದೇ ನಮ್ಮ ಕಪ್ಪುಕುಳಿ, ಸ್ಯಾಜಿಟೇರಿಯಸ್ ಎ ಸ್ಟಾರ್. ಹೆಸರಿನಲ್ಲೇ ಒಂದು ಸ್ಟಾರ್ ಹಾಕಿಸಿಕೊಂಡು ಕೂತಿದೆ. ಅದರ ಚಿತ್ರ ಬಂದಿದ್ದು 2022ರ ಮೇ 12ಕ್ಕೆ. ಎಂ87ರದ್ದಕ್ಕಿಂತ ಸಾವಿರದೈನೂರು ಪಟ್ಟು ಹಗುರ, ಎರಡು ಸಾವಿರ ಪಟ್ಟು ಹತ್ತಿರ. ಹಾಗಾಗಿ ಆಕಾಶದಲ್ಲಿ ಎರಡು ಬಳೆಯ ಸೈಜೂ ಹೆಚ್ಚುಕಮ್ಮಿ ಒಂದೇ. ಆದರೆ ನಮ್ಮದರ ಸುತ್ತ ಅನಿಲ ನಿಮಿಷಗಳಲ್ಲಿ ಸುತ್ತಿಬಿಡುತ್ತದೆ. ಅಲುಗಾಡುವ ಮಗುವಿನ ಫೋಟೋ ತೆಗೆದ ಹಾಗೆ. ಅದಕ್ಕೇ ಅದು ಮೂರು ವರ್ಷ ತಡ.

ಅದೇ ದಿಕ್ಕಿನಲ್ಲೇ ಮೂಲಾ ನಕ್ಷತ್ರ, ಚೇಳಿನ ಕೊಂಡಿಯಲ್ಲಿ. ನನ್ನ ಮಗಳು ಮೂಲಾ ನಕ್ಷತ್ರದಲ್ಲಿ ಹುಟ್ಟಿದವಳು. ಮೂಲಾ ನಕ್ಷತ್ರದ ಹುಡುಗಿ ಬಂದರೆ ಮಾವನಿಗೆ ಆಗಲ್ಲ ಅಂತ ನಾಲ್ಕು ಸಂಬಂಧ ಜಾತಕ ನೋಡಿಯೇ ವಾಪಸ್ ಹೋಗಿದ್ದವು. ಐದನೆಯವರು ಜಾತಕ ಕೇಳಲಿಲ್ಲ. ಅವಳ ಮಾವ ಈಗಲೂ ಗಟ್ಟಿಮುಟ್ಟಾಗಿದ್ದಾರೆ, ದಿನಾ ಐದು ಕಿಲೋಮೀಟರ್ ವಾಕಿಂಗ್. ಬಂಡೆ ಮೇಲಿಂದಲೇ ಅವಳಿಗೆ ಮೆಸೇಜ್ ಹಾಕಿದೆ, ನಿನ್ನ ನಕ್ಷತ್ರದ ಪಕ್ಕದಲ್ಲೇ ಗ್ಯಾಲಕ್ಸಿಯ ನಡು ಇದೆ ಅಂತ. ಐದು ಗಂಟೆಗೆ ಉತ್ತರ ಬಂತು: "ಅಪ್ಪ, ಮಲ್ಕೋ."

ಅಷ್ಟರಲ್ಲಿ ಊರ ಗುಡಿಯಲ್ಲಿ ಗಂಟೆ. ಬೆಂಗಳೂರಿನ ನೆಹರೂ ತಾರಾಲಯ ಕಟ್ಟಿ ಬೆಳೆಸಿದ ಸಿ. ವಿ. ವಿಶ್ವೇಶ್ವರ ಅವರ ನೆನಪಾಯಿತು. ಕಪ್ಪುಕುಳಿಯನ್ನು ತಟ್ಟಿದರೆ ಅದೂ ಗಂಟೆಯ ಹಾಗೆ ತನ್ನದೇ ಸ್ವರದಲ್ಲಿ ಮಿಡಿದು ಬೇಗ ತಣ್ಣಗಾಗುತ್ತದೆ ಅಂತ 1970ರಲ್ಲೇ ಲೆಕ್ಕ ಹಾಕಿ ತೋರಿಸಿದವರು. ನಮ್ಮ ಬೆಂಗಳೂರಿನವರೇ. ತಾರಾಲಯಕ್ಕೆ ಹೋಗಿಬಂದ ಎಷ್ಟು ಜನಕ್ಕೆ ಇದು ಗೊತ್ತಿದೆಯೋ.

ಇನ್ನು ಬೇಸಿನ ದೂರು. ಅದು ಮರ ಅಲ್ಲ, ಮರದ ಪುಡಿ ಒತ್ತಿ ಮಾಡಿದ ಹಲಗೆ. ಒಂದು ಮಳೆಗಾಲಕ್ಕೆ ಅಂಚು ಊದಿಕೊಂಡು, ನೆನೆದ ರಸ್ಕಿನ ಹಾಗೆ ಆಯಿತು. ತಿರುಗಿಸಿದರೆ ಕೀರ್ ಅನ್ನುತ್ತಿತ್ತು. ಊರಿನ ಬಡಗಿಯ ಹತ್ತಿರ ಅದೇ ಅಳತೆಗೆ 19 ಎಂಎಂ ವಾಟರ್‌ಪ್ರೂಫ್ ಪ್ಲೈನಲ್ಲಿ ಹೊಸದು ಮಾಡಿಸಿದೆ. ಒಂದೇ ಬದಲಾವಣೆ, ಎತ್ತರ ನಾಲ್ಕಿಂಚು ಜಾಸ್ತಿ. ಕತ್ತಿಗೂ ಬೆನ್ನಿಗೂ ಆರಾಮ. ಎಲ್ಲ ಸೇರಿ 4,200 ರೂಪಾಯಿ. ಕೊಳ್ಳುವವರು ಇದನ್ನೂ ಬಿಲ್ಲಿಗೆ ಸೇರಿಸಿಕೊಂಡೇ ಲೆಕ್ಕ ಹಾಕಿ. ಲೇಸರ್, ಮೂನ್ ಫಿಲ್ಟರ್, ಫೋನ್ ಹೋಲ್ಡರ್ ಅಂತ ಅಂಗಡಿಯವರು ತೋರಿಸುವ ಯಾವುದೂ ಬೇಡ. ಒಂದು ಒಳ್ಳೆ ನಕ್ಷೆ, ಕೆಂಪು ಕಾಗದ, ಒಂದು ಸ್ವೆಟರ್ ಸಾಕು. ಕತ್ತಲಿರುವ ಊರಲ್ಲಿ ಯಾರಾದರೂ ನೆಂಟರಿದ್ದರೆ ಇನ್ನೂ ಒಳ್ಳೆಯದು.

ಡಬ್ಬವನ್ನು ಎಸೆಯಲು ಹೋದಾಗ ನಮ್ಮಾಕೆ ಬಿಡಲಿಲ್ಲ. ಊರಿನಿಂದ ತಂದ ವರ್ಷದ ಹುಣಸೆಹಣ್ಣು ಈಗ ಅದರಲ್ಲೇ ಇದೆ, ಕಿತ್ತಳೆ ಬಳೆ ಗೋಡೆ ಕಡೆಗೆ.